ಆಡಿನ ಗೊಂಬೆ ಕಲಿಸಿದ ರಷ್ಯನ್

ಇಪ್ಪತ್ತು ದಾಟಿದ ನನಗೆ ಹಲ್ಲುಜ್ಜಿ ಮಲಗು ಎಂದು ಅಪ್ಪಣೆ ಮಾಡಿದ್ದು ಒಂದು ಬಟ್ಟೆಯ ಆಡು. ಮಾಸ್ಕೋದ ಹಾಸ್ಟೆಲಿಗೆ ಬಂದಿಳಿದ ಸಂಜೆ ಅದು. ನಾನು ಅಲ್ಲಿಯವರೆಗೆ ಟಿ.ವಿ.ಯನ್ನೇ ಕಂಡಿರಲಿಲ್ಲ, ನಮ್ಮೂರು ಶಹಾಬಾದಿನಲ್ಲಿ ಆಗ ಯಾರ ಮನೆಯಲ್ಲಿತ್ತು? ಪೆಟ್ಟಿಗೆಯೊಳಗೆ, ಮಕ್ಕಳ ಕಾರ್ಯಕ್ರಮವೊಂದರಲ್ಲಿ, ಗಡ್ಡದ ಆಡು ಬ್ರಷ್ ಹಿಡಿದು ರಷ್ಯನ್ ಮಾತಾಡುತ್ತಿತ್ತು. ಎಲ್ಲಿಗೆ ಬಂದು ಬಿದ್ದೆನಪ್ಪಾ ಎಂದುಕೊಂಡೆ.

ನಾನು ಬಂದದ್ದು ಸ್ಕಾಲರ್‌ಶಿಪ್ಪಿನ ಮೇಲೆ, ಡಾಕ್ಟರಿಕೆ ಓದಲು. ಮೊದಲ ವರ್ಷ ಬರೀ ಭಾಷೆ. ಕೊನೆಗೆ ಬಾಯಿ ಪರೀಕ್ಷೆ. ಫೇಲಾದರೆ ವಿಮಾನ ಹತ್ತಿಸಿ ವಾಪಸ್ ಕಳಿಸುತ್ತಿದ್ದರು. ಊರಲ್ಲಿ ನನಗಾಗಿ ಕಾದಿದ್ದುದು ಅವ್ವ ದುಡಿಯುವ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿ. ಸತ್ತರೂ ಆ ಕಲ್ಲಿನ ಬುಟ್ಟಿ ಮತ್ತೆ ತಲೆಗೇರಿಸುವುದಿಲ್ಲ ಎಂದು ಹಟ ಹಿಡಿದಿದ್ದೆ.

ಪಠ್ಯಪುಸ್ತಕದಲ್ಲಿ ಕಾರ್ಖಾನೆ, ಉತ್ಪಾದನೆ, ಯೋಜನೆ. ಒಂದೂ ತಲೆಗೆ ಹತ್ತಲಿಲ್ಲ. ಆಡು ಹೇಳಿದ್ದು ಮಾತ್ರ ಹತ್ತಿತು. ಅದು ‘ಕಾಶಾ’ ಉಣ್ಣುವುದನ್ನು ನೋಡಿ ಕಾಶಾ ಎಂದರೆ ಗಂಜಿ ಎಂದು ತಿಳಿಯಿತು. ನಮ್ಮ ಜೋಳದ ಅಂಬಲಿಯ ಸಂಬಂಧಿಕ, ಆದರೆ ಬರೀ ಸಿಹಿ. ಒಂದು ಹಸಿಮೆಣಸಿನಕಾಯಿಗಾಗಿ ಜೀವ ಬಾಯಿಬಾಯಿ ಬಿಡುತ್ತಿತ್ತು.

ದಿನಾ ಸಂಜೆ ಟಿ.ವಿ. ಮುಂದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದೆ. ಹಾಸ್ಟೆಲ್ ಬಾಗಿಲು ಕಾಯುವ ಮುದುಕಿ ವೇರಾ ಗದರುತ್ತಿದ್ದಳು, ತಣ್ಣನೆಯ ನೆಲದಲ್ಲಿ ಕೂತರೆ ಮಕ್ಕಳಾಗುವುದಿಲ್ಲವಂತೆ. ನಮ್ಮಲ್ಲಿ ಬಿಸಿಲುಗಾಲಕ್ಕೆ ತಣ್ಣನೆಯ ಫರಸಿ ನೆಲ ಸಿಕ್ಕರೆ ಅದೇ ಸ್ವರ್ಗ. ಎಬ್ಬಿಸಿದಷ್ಟು ಸಲ ಮತ್ತೆ ಕೂತೆ. ಕಡೆಗೆ ಅವಳೇ ಸೋತು ತನ್ನ ಶಾಲು ಮಡಚಿ ಹಾಸಿದಳು.

ಪೆಟ್ಟಿಗೆಯಲ್ಲಿನ ಮಕ್ಕಳು ದೊಡ್ಡ ಹೆಂಗಸರನ್ನೆಲ್ಲ ‘ತ್ಯೋತ್ಯಾ’ ಎನ್ನುತ್ತಿದ್ದರು. ಅಂದರೆ ನಮ್ಮ ಕಾಕಿ, ಅತ್ತಿ ಇದ್ದಹಾಗೆ. ನನಗೆ ಹಬ್ಬವಾಯಿತು. ನಾನೂ ವೇರಾಳಿಂದ ಹಿಡಿದು ಬ್ರೆಡ್ ಮಾರುವವಳತನಕ ಎಲ್ಲರನ್ನೂ ತ್ಯೋತ್ಯಾ ಮಾಡಿಕೊಂಡೆ.

ಚಿಂಚೋಳಿ ಕಡೆಯ ಶಿವರಾಜ ಎಂಬ ಹಿರಿಯ ವಿದ್ಯಾರ್ಥಿಗೆ ಇದರಿಂದ ಭಾರಿ ನಾಚಿಕೆ.

“ತಂಗಿ, ನಮ್ಮ ಮಂದಿ ಮರ್ಯಾದಿ ಕಳಿಲಿಕತ್ತಿ ನೀ. ಸಣ್ಣ ಹುಡುಗರ ಆಟ ನೋಡಿಕೋತ ಕುಂತ್ರ ಪಾಸ್ ಆಗ್ತಿಯೇನು?”

“ಕನ್ನಡ ನೀ ಯಾವ ಪುಸ್ತಕ ಓದಿ ಕಲ್ತಿದಿ ಅಣ್ಣಾ? ಹಂಗೇ ಇದನ್ನೂ ಕಲೀಲಿಕತ್ತೀನಿ,” ಎಂದೆ.

ಪರೀಕ್ಷೆಯ ದಿನ ಮೇಜಿನಾಚೆ ಮೂವರು. ನಡುವೆ ಕೂತ ಬಿಳಿಗೂದಲ ಪ್ರೊಫೆಸರಮ್ಮ ಊರಿನ ಬಗ್ಗೆ ಹೇಳು ಎಂದರು. “ಹೇಳ್ತೀನಿ, ತ್ಯೋತ್ಯಾ,” ಎಂದು ಶುರುಮಾಡಿದೆ. ಪಕ್ಕದವರಿಬ್ಬರೂ ಹೋ ಎಂದು ನಕ್ಕರು. ಇಲ್ಲಿ ಪ್ರೊಫೆಸರರನ್ನು ಅವರ ಹೆಸರು, ಅವರ ತಂದೆಯ ಹೆಸರು ಕೂಡಿಸಿ ಕರೆಯುವುದೇ ರೀತಿ. ಹಿರಿಯಳನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಗೆ ಏಳುವುದಿಲ್ಲ ಎಂದು ಹೇಳಿಯೇಬಿಟ್ಟೆ.

“ನೀನು ಐದು ವರ್ಷದ ಮಗುವಿನ ಹಾಗೆ ಮಾತಾಡುತ್ತೀ,” ಎಂದ ಒಬ್ಬ.

ಸಿಟ್ಟು ನೆತ್ತಿಗೇರಿತು. “ನಿಮ್ಮ ಭಾಷೆಯಲ್ಲಿ ನಾನು ಹುಟ್ಟಿ ಇನ್ನೂ ವರ್ಷ ತುಂಬಿಲ್ಲ. ಆಗಲೇ ಐದರವಳಾಗಿದ್ದೇನೆ. ಇನ್ನೊಂದು ವರ್ಷ ಕೊಟ್ಟು ನೋಡಿ,” ಎಂದೆ.

ಪ್ರೊಫೆಸರಮ್ಮ ನಗಲಿಲ್ಲ. ಐದು ವರ್ಷದವಳಿದ್ದಾಗ ನಿನ್ನೂರಲ್ಲಿ ಯಾವ ಆಟ ಆಡುತ್ತಿದ್ದೆ ಎಂದು ಕೇಳಿದರು. ಆಡಲಿಲ್ಲ, ಅವ್ವನ ಹಿಂದೆ ಕಲ್ಲುಚೂರು ಹೊರುತ್ತಿದ್ದೆ, ಬುಟ್ಟಿ ಸಣ್ಣದಿತ್ತು ಎಂದೆ. ನನ್ನ ಹತ್ತಿರ ಇದ್ದದ್ದು ಮಕ್ಕಳ ಮಾತುಗಳಷ್ಟೇ. ಅವುಗಳಲ್ಲೇ ಗಣಿ, ಬಿಸಿಲು, ಅವ್ವನ ಕೆಮ್ಮು ಎಲ್ಲವನ್ನೂ ಹೇಳಿದೆ. ಪಕ್ಕದವನು ಪೆನ್ನು ಕೆಳಗಿಟ್ಟ. ಪಾಸು ಮಾಡಿದರು.

ಈಗ ಡಾಕ್ಟರಿಕೆಯ ನಾಲ್ಕನೆಯ ವರ್ಷ. ಊರಿನವರು ಕೇಳುತ್ತಾರಂತೆ, ರಷ್ಯಾದವಳೇ ಆಗಿಬಿಟ್ಟಳೇನು ಎಂದು. ಓದು ಮುಗಿಸಿ ಬರುತ್ತೇನೆ, ಆ ಗಣಿಯವರ ಎದೆಗೇ ಮೊದಲು ಸ್ಟೆತಸ್ಕೋಪು ಹಿಡಿಯುತ್ತೇನೆ. ಆದರೆ ಒಂದು ಮಾತು ಕೇಳಿಕೊಳ್ಳಿ: ಅವ್ವ ನನ್ನನ್ನು ಹಡೆದದ್ದು ಶಹಾಬಾದಿನಲ್ಲಿ, ನಾನು ಮಗುವಾಗಿದ್ದದ್ದು ಇಲ್ಲಿ. ಯಾರು ಏನೇ ಅನ್ನಲಿ, ಎರಡರಲ್ಲಿ ಒಂದನ್ನೂ ನಾನು ಬಿಟ್ಟುಕೊಡುವವಳಲ್ಲ.