ಸಿಂಗಟಾಲೂರು ಎಂಬ ಫೋಲ್ಡರ್

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ, ಅದರ ಮುಂದೆ ಕೂತವರು ಮಾಡುತ್ತಾರೆ ಎಂದು ನಂಬಿದವನು ನಾನು. ವಿಚಿತ್ರ ನಡೆಯಿತು ಎಂದು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದೆ. ಈಗ ನಾನೇ ಹೇಳಬೇಕಾಗಿದೆ. ನಂಬಿ ಎಂದು ಒತ್ತಾಯಿಸುವುದಿಲ್ಲ. ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಗದಗ ಬೇರೆ ಜಿಲ್ಲೆಯಾಗಿ ಬಹಳ ವರ್ಷಗಳಾಗಿದ್ದವು. ಲಕ್ಷ್ಮೇಶ್ವರದ ಹಳೆಯ ಫೋಟೋ ಸ್ಟುಡಿಯೋ ಒಂದು ಮುಚ್ಚಿದಾಗ, ಅದರ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುವ ಕೆಲಸ ನನಗೂ ಗೆಳೆಯ ವಿರೂಪಾಕ್ಷನಿಗೂ ಸಿಕ್ಕಿತು. ಬೆಟಗೇರಿಯ ಅವನ ಮನೆಯಲ್ಲಿ, ಮೊದಲು ಮಗ್ಗವಿದ್ದ ಕೋಣೆಯಲ್ಲಿ ಕೂರುತ್ತಿದ್ದೆವು. ಸ್ಟುಡಿಯೋದವರು ಲಕೋಟೆಯ ಮೇಲೆ ಜನರ ಹೆಸರು ಬರೆಯುತ್ತಿರಲಿಲ್ಲ. ಫೋಟೋ ಯಾವ ಊರಿಗೆ ಮುಟ್ಟಬೇಕೋ ಆ ಊರು, ಒಂದು ಸಂಖ್ಯೆ, ಅಷ್ಟೇ. ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಲು ಅದು ಸಾಕಿತ್ತು. ನಾವೂ ಫೈಲುಗಳಿಗೆ ಅದೇ ಹೆಸರಿಟ್ಟೆವು. ಹೆಸರಿನ ಮೊದಲ ಭಾಗವನ್ನು ಓದಿ, ಆ ಊರಿನ ಫೋಲ್ಡರ್ ಮಾಡಿ, ಫೈಲನ್ನು ಅದರೊಳಗೆ ಸೇರಿಸುವ ಸಣ್ಣ ಪ್ರೋಗ್ರಾಂ, ಪೈಥಾನ್ ಸ್ಕ್ರಿಪ್ಟ್, ಬರೆದವನು ನಾನು.

ಅವತ್ತು ಬೆಳಿಗ್ಗೆ ಹರ್ತಿಯಿಂದ ಮಹಬೂಬಿ ಬಂದಿದ್ದರು. ಇಪ್ಪತ್ತು ವರ್ಷದ ಹಿಂದೆ ಮನೆ ಬಿಟ್ಟುಹೋದ ಅವರ ಅಣ್ಣನ ಒಂದೇ ಒಂದು ಫೋಟೋ ನಮ್ಮಲ್ಲಿತ್ತು. ಹಿಂದಿನ ವಾರ ಅವರೇ ಬಂದು ಗುರುತಿಸಿದ್ದರು. ಹಾಸಿಗೆ ಹಿಡಿದ ತಾಯಿಗೆ ಮಗನ ಮುಖ ತೋರಿಸಬೇಕಿತ್ತು.

"ಇವತ್ತ ಕೊಡ್ರಿ ಸರ. ನಮ್ಮಮ್ಮಾಂದು ನಾಳಿ ಮಟ ಭರೋಸಾ ಇಲ್ರಿ."

ಸ್ಕ್ಯಾನ್‌ಗಳನ್ನು ಇನ್ನೂ ವಿಂಗಡಿಸಿರಲಿಲ್ಲ; ಸ್ಕ್ರಿಪ್ಟ್ ಓಡಿಸಿದೆ. ಹರ್ತಿ ಫೋಲ್ಡರಿನಲ್ಲಿ ಆ ಫೈಲ್ ಇರಲಿಲ್ಲ. ಒಂದೇ ಹೆಸರಿನ ಎರಡು ಫೈಲುಗಳಿದ್ದರೆ ಎರಡನೆಯದು ಮೊದಲನೆಯದನ್ನು ಅಳಿಸಿ ಕೂರಬಹುದು. ನಾನು ಅದಕ್ಕೆ ತಡೆ ಹಾಕಿರಲಿಲ್ಲ, ನಕಲೂ ಇಟ್ಟಿರಲಿಲ್ಲ. ಆ ಫೋಟೋದ ನೆಗೆಟಿವ್, ಸ್ಕ್ಯಾನ್ ಮಾಡಿದ ದಿನವೇ ಪದರ ಎದ್ದು ಹಾಳಾಗಿತ್ತು.

ಹುಡುಕಿದಾಗ 'ಸಿಂಗಟಾಲೂರು' ಎಂಬ ಫೋಲ್ಡರ್ ಕಂಡಿತು. ಆ ಊರಿನ ಲಕೋಟೆ ನಮ್ಮಲ್ಲಿ ಒಂದೂ ಇರಲಿಲ್ಲ. ಸ್ಕ್ರಿಪ್ಟಿನಲ್ಲೂ ಆ ಹೆಸರಿರಲಿಲ್ಲ. ಒಳಗೆ ಒಂದೇ ಫೈಲ್: ಅಣ್ಣನ ಫೋಟೋ. ಫೈಲಿನ ಹೆಸರು ಮಾತ್ರ ಹಾಗೆಯೇ 'ಹರ್ತಿ' ಎಂದೇ ಇತ್ತು.

"ಚೇಷ್ಟಿಗೂ ಒಂದು ಹೊತ್ತು ಐತಿ ಲೇ, ವಿರೂಪಾಕ್ಷಿ. ಸಿಂಗಟಾಲೂರು ಅಂತ ಫೋಲ್ಡರ್ ಯಾಕ ಮಾಡಿದಿ?" ಎಂದೆ.

"ನಿನ್ನಾಣಿ ಮುಟ್ಟಿಲ್ಲೋ! ನಮ್ಮಪ್ಪ ಮಗ್ಗದ ಕುಣ್ಯಾಗ ಕುಂತಂಗ ಬೆಳಿಗ್ಗಿಂದ ಈ ಸ್ಕ್ಯಾನರ್ ಮುಂದ ಕುಂತೇನಿ. ಎದ್ದಿದ್ದು ನೋಡಿಯೇನು?"

ನೋಡಿರಲಿಲ್ಲ. ಫೋಲ್ಡರ್ ಹುಟ್ಟಿದ ಸಮಯವೂ ಸ್ಕ್ರಿಪ್ಟ್ ಓಡಿದ ನಿಮಿಷವೇ ಆಗಿತ್ತು. ಬಾಗಿಲ ಬಳಿ ಕೂತಿದ್ದ ಮಹಬೂಬಿ ಆ ಊರಿನ ಹೆಸರು ಕೇಳಿ ನಮ್ಮ ಕಡೆ ತಿರುಗಿದರು.

"ಅಣ್ಣ ಮನಿ ಬಿಟ್ಟು ಹೋಗೂ ಮುಂದ, ಸಿಂಗಟಾಲೂರಿಗೆ ಹೊಂಟೇನಿ, ಅಲ್ಲಿ ನೀರಾವರಿ ಕೆಲಸ ಐತಿ ಅಂತ ನನಗೊಬ್ಬಾಕಿಗೇ ಹೇಳಿದ್ದ ನೋಡ್ರಿ. ಅಪ್ಪಗ ಹೇಳಬ್ಯಾಡ ಅಂದಿದ್ದ. ಇವತ್ತಿನ ಮಟ ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

ನಾನು ನಂಬಲಿಲ್ಲ. ಹಿಂದಿನ ವಾರ ಬಂದಾಗ ವಿರೂಪಾಕ್ಷನಿಗೆ ಹೇಳಿರಬಹುದು, ಈಗ ಮರೆತಿರಬಹುದು ಎಂದುಕೊಂಡೆ. ಪ್ರಿಂಟ್ ತೆಗೆದು ಅವರ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ಇನ್ನೊಮ್ಮೆ ಓಡಸ್ರಿ ಸರ. ಈಗ ಎಲ್ಲಿ ಅದಾನ ನೋಡೂಣು."

ಈ ಸಲ ಮೊದಲು ನಕಲು ಮಾಡಿಟ್ಟೆ. ಫೈಲನ್ನು ಹೊರಗೆ ತಂದಿಟ್ಟು, ಒಂದಕ್ಷರವನ್ನೂ ಬದಲಿಸದೆ ಅದೇ ಸ್ಕ್ರಿಪ್ಟನ್ನು ಓಡಿಸಿದೆ. ಫೈಲ್ ಹರ್ತಿ ಫೋಲ್ಡರಿಗೆ ಹೋಯಿತು. ಹೋಗಬೇಕಾದದ್ದೇ ಅಲ್ಲಿಗೆ. ಅದನ್ನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದಿದ್ದರು.

"ಹಂಗಾರ ಮನಿಗೆ ಬಂದಾನ," ಎಂದವರೇ ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು. ಕೂಗಿದರೂ ತಿರುಗಲಿಲ್ಲ. ಪ್ರಿಂಟ್ ಮೇಜಿನ ಮೇಲೆಯೇ ಉಳಿಯಿತು.

ಅವರು ಮತ್ತೆ ಬರಲಿಲ್ಲ. ಹರ್ತಿ ದೂರದ ಊರಲ್ಲ. "ಒಮ್ಮೆ ಹೋಗಿ ಕೇಳಿ ಬಾರಲೇ," ಎಂದು ವಿರೂಪಾಕ್ಷ ಎಷ್ಟೋ ಸಲ ಹೇಳಿದ್ದಾನೆ. ನಾನು ಹೋಗಿಲ್ಲ. ಆ ಮನೆಯಲ್ಲಿ ಅಣ್ಣ ಇದ್ದರೆ ಏನು ಹೇಳಲಿ, ಇಲ್ಲದಿದ್ದರೆ ಏನು ಹೇಳಲಿ? ಸ್ಕ್ರಿಪ್ಟನ್ನು ಸಾಲು ಸಾಲಾಗಿ ಓದಿದ್ದೇನೆ, ತಪ್ಪು ಸಿಕ್ಕಿಲ್ಲ. ವಿರೂಪಾಕ್ಷನನ್ನು ಈಗಲೂ ಆಗೀಗ ಅನುಮಾನದಿಂದ ನೋಡುತ್ತೇನೆ, ನನ್ನನ್ನೂ.

ಪ್ರಿಂಟನ್ನು ಒಂದು ಲಕೋಟೆಗೆ ಹಾಕಿ ಇಟ್ಟಿದ್ದೇನೆ. ಬಸ್ಸಿನಲ್ಲಿ ಕಳಿಸಬೇಕೆಂದರೆ ಅದರ ಮೇಲೆ ಊರಿನ ಹೆಸರು ಬರೆಯಬೇಕು. ಇನ್ನೂ ಬರೆದಿಲ್ಲ.