ಶಟರಿನ ಮೇಲಿನ ಕೆಂಪು ಗೆರೆ

ಮೂರು ವರ್ಷದ ಹಿಂದಿನ ಮಾತು. ಶಹಾಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ವಿಜ್ಞಾನ ದಿನಕ್ಕೆಂದು ಸಿನಿಮಾ ಪ್ರೊಜೆಕ್ಟರ್ ಕಟ್ಟುವ ಹುಚ್ಚಿಗೆ ಬಿದ್ದೆ. ಹೊಲಿಗೆ ಯಂತ್ರದ ಮೋಟರು, ತಗಡು, ಭೂತಗನ್ನಡಿ ಎಲ್ಲ ಕೂಡಿಹಾಕಿದೆ. ನನಗೆ ತಿಳಿಯದ್ದನ್ನೆಲ್ಲ ಹೇಳಿಕೊಟ್ಟವರು ಮರೆಪ್ಪನವರು. ಸುರಪುರದ ಟಾಕೀಸು ಮುಚ್ಚುವವರೆಗೂ ಅಲ್ಲಿ ಆಪರೇಟರ್ ಆಗಿದ್ದವರು. ಅವರ ಮೊಮ್ಮಗಳು ರೇಣುಕಾ ನನ್ನ ಹತ್ತನೇ ತರಗತಿಯಲ್ಲೇ ಇದ್ದಳು.

ರೀಲು ಸರಿಯುವ ಕ್ಷಣದಲ್ಲಿ ಬೆಳಕು ತಡೆಯಲು ತಿರುಗುವ ತಗಡಿನ ರೆಕ್ಕೆ ಬೇಕು. ಅದೇ ಶಟರ್. ನಮ್ಮದನ್ನು ಹಿಗ್ಗಿಸಿ ಕುಗ್ಗಿಸಬಹುದಿತ್ತು. ಮರೆಪ್ಪನವರು ಎರಡು ದಿನ ಕೂತು ಅದನ್ನು ಹೊಂದಿಸಿ, ಉಗುರುಬಣ್ಣದಿಂದ ಕೆಂಪು ಗೆರೆ ಎಳೆದರು.

“ಟೀಚರ್, ಈ ಗೆರಿ ದಾಟಿಸಬ್ಯಾಡ್ರಿ. ಬೆಳಕು ಹೆಚ್ಚಿಗಿ ಬರ್ಲಿ ಅಂತ ಆಸಿ ಮಾಡಿದ್ರ ಚಿತ್ರ ಕೆಡ್ತದ,” ಎಂದರು.

ವಿಜ್ಞಾನ ದಿನದಂದು ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವರ್ಷಗಟ್ಟಲೆ ಜೋಪಾನ ಮಾಡಿದ್ದ, ಹತ್ತಿ ಬೆಳೆಯುವುದನ್ನು ತೋರಿಸುವ ಸಿನಿಮಾ ರೀಲು ತಂದರು. ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರೂ ಬಿಸಿಲು ನುಗ್ಗಿ ಚಿತ್ರ ಮಂಕಾಗಿತ್ತು. ಅತಿಥಿಗಳ ಮುಂದೆ ನನಗೋ ಅವಸರ. ಮರೆಪ್ಪನವರು ಅತ್ತ ಕಂಬಳಿ ಎಳೆದು ಕಟ್ಟುತ್ತಿದ್ದಾಗ ಮೋಟರು ನಿಲ್ಲಿಸಿ, ಶಟರನ್ನು ಗೆರೆ ದಾಟಿಸಿ ತೆರೆದೆ. ಬೆಳಕೇನೋ ಹೆಚ್ಚಿತು, ಆದರೆ ರೀಲು ಸರಿಯುವಾಗಲೂ ಬೆಳಕು ಬಿದ್ದು ಪರದೆಯ ಮೇಲಿನ ಅಕ್ಷರಗಳಿಗೆಲ್ಲ ಬಾಲ ಬಂತು. ಮಕ್ಕಳು ಹೋ ಎಂದು ನಕ್ಕರು.

“ಏನ್ರಿ ಇದು?” ಎಂದರು ಮುಖ್ಯೋಪಾಧ್ಯಾಯರು.

“ರೀಲೇ ಹಾಳಾಗ್ಯಾದ್ರಿ ಸರ್. ಮರೆಪ್ಪನವ್ರು ಸರಿಯಾಗಿ ಇಟ್ಟಿಲ್ಲ,” ಎಂದುಬಿಟ್ಟೆ.

ಮರೆಪ್ಪನವರು ಬಂದು ಬಗ್ಗಿ ಶಟರ್ ನೋಡಿದರು. ನನ್ನನ್ನೂ ನೋಡಿದರು. ರೀಲು ಸುತ್ತಿ, ಡಬ್ಬಿಗೆ ಹಾಕಿಕೊಂಡು ಹೊರಟುಹೋದರು. ಮುಂದಿನ ಸಾಲಿನಲ್ಲಿ ರೇಣುಕಾ ತಲೆ ತಗ್ಗಿಸಿ ಕೂತಿದ್ದಳು.

ಮರುದಿನ ಅವರ ಮನೆಗೆ ಹೋಗಿ “ತಪ್ಪಾತ್ರಿ” ಎಂದೆ. ಅವರು ಚಹಾ ತರಿಸಿದರು.

“ನನಗ ನಿನ್ನೇನೇ ಗೊತ್ತಾಗ್ಯಾದ್ರಿ. ಹುಡುಗಿಗಿ ಗೊತ್ತಿಲ್ಲ. ಮುತ್ಯಾ ಇಷ್ಟು ದಿನ ಸುಳ್ಳೇ ದೊಡ್ಡಸ್ತನ ಹೇಳ್ಯಾನ ಅಂತ ತಿಳ್ಕೊಂಡಾಳ. ಕ್ಲಾಸಿನ್ಯಾಗ ಒಂದ್ ಮಾತು ಹೇಳ್ರಿ, ಸಾಕು.”

“ಹೇಳ್ತೀನ್ರಿ” ಎಂದು ಬಂದೆ. ಹೇಳಲಿಲ್ಲ. ತಪ್ಪು ಒಪ್ಪಿಕೊಳ್ಳಿ ಎಂದು ಮಕ್ಕಳಿಗೆ ದಿನಾ ಬುದ್ಧಿ ಹೇಳುವ ನನಗೆ, ನಲವತ್ತು ಮಕ್ಕಳ ಮುಂದೆ ಬಾಯಿಯೇ ಬರಲಿಲ್ಲ. ನಾಳೆ ಹೇಳಿದರಾಯಿತು ಅನ್ನುವಷ್ಟರಲ್ಲಿ ಪರೀಕ್ಷೆ ಮುಗಿದು, ರೇಣುಕಾ ಯಾದಗಿರಿಯ ಕಾಲೇಜು ಸೇರಿದಳು. ನೆನೆದಾಗಲೆಲ್ಲ ಈಗಲೂ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ರೇಣುಕಾ, ಇದು ನಿನ್ನ ಕಣ್ಣಿಗೆ ಬಿದ್ದರೆ ಓದು. ನಿನ್ನ ಮುತ್ಯಾನ ರೀಲು ಚೆನ್ನಾಗಿತ್ತು. ಶಟರ್ ತೆರೆದವಳು ನಾನು.