ಹಟನಾಕ ಅವರ ಮುಳ್ಳಿಲಿ
ಜಪಾನಿನ ಕೋಬೆಯ ನಮ್ಮ ಮನೆಯಲ್ಲಿ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಹಟನಾಕ ಅವರಂಥವರನ್ನು ನಾನು ಮತ್ತೆ ಕಾಣಲಿಲ್ಲ. ನಾಯಿ ಬೆಕ್ಕು ಸಾಕುವಂತಿಲ್ಲ ಎಂದು ಕರಾರಿನಲ್ಲೇ ಬರೆದಿದ್ದೆ. ಅವರು ಅಂಗೈಯಗಲದ ಮುಳ್ಳಿಲಿಯನ್ನು ನನ್ನ ಮುಂದೆ ಹಿಡಿದು, "ಬ್ರಷ್ಷು ಅಂದ್ಕೊಳ್ಳಿ ಅಮ್ಮಾ, ಬೊಗಳೋದಿಲ್ಲ" ಎಂದರು. ಅದರ ಹೆಸರು ಗೋಮಾ. ಚಳಿಗಾಲದಲ್ಲಿ ಇದ್ದ ಒಂದೇ ಹೀಟರು ಗೋಮಾಳ ಗೂಡಿನ ಪಕ್ಕದಲ್ಲಿರುತ್ತಿತ್ತು, ಅವರು ಕೋಟು ಟೋಪಿ ತೊಟ್ಟುಕೊಂಡೇ ಮಿಸೋ ಸಾರು ಕುಡಿಯುತ್ತಿದ್ದರು. "ಅವಳಿಗೆ ಇಪ್ಪತ್ತೈದು ಡಿಗ್ರಿ ಬೇಕು. ನಂಗೇನು, ನಾನು ಹೇಗೂ ಒಣಗಿದ ಮೀನು" ಎನ್ನುವರು. ಅವಳಿಗೆ ಹುಳು ಕೊಳ್ಳಲು ಹೊರಟರೂ ಗುಡಿಗೆ ಹೊರಟವರಂತೆ ತಲೆ ಬಾಚಿಕೊಳ್ಳುವರು. ನಾನು ಮುಟ್ಟಹೋದರೆ ಗೋಮಾ ಉಸ್ಸೆಂದು ಮುಳ್ಳಿನ ಉಂಡೆಯಾಗುತ್ತಿದ್ದಳು. "ಅವಳು ಮೂಗಿನಲ್ಲೇ ಜನರನ್ನ ಗುರುತು ಹಿಡಿಯೋದು, ಬೇಜಾರು ಮಾಡ್ಕೋಬೇಡಿ" ಎಂದು ನನ್ನನ್ನೇ ಸಮಾಧಾನ ಮಾಡುವರು. ಮುಳ್ಳಿಲಿ ಸಾಕುವವರು ತಾವು ತೊಟ್ಟ ಬಟ್ಟೆಯನ್ನು ಒಗೆಯದೆ ಗೂಡಿನಲ್ಲಿ ಹಾಸುತ್ತಾರೆಂದು ನನಗೆ ತಿಳಿದಿರಲಿಲ್ಲ. ಒಂದು ವಸಂತದಲ್ಲಿ ಅವರು ಜ್ವರ ಬಂದು ಮಲಗಿದ್ದಾಗ ಗೂಡು ಚೊಕ್ಕ ಮಾಡಲು ಹೋಗಿ, ಅಲ್ಲಿದ್ದ ಕೊಳಕು ಏಪ್ರನ್ನನ್ನು ಬಕೆಟ್ಟಿನ ನೀರಿಗೆ ಹಾಕಲಿದ್ದೆ. "ಬೇಡ! ಅದು ಸುಮಿಯೆಯದು!" ಎಂದು ಹಾಸಿಗೆಯಿಂದಲೇ ಕೂಗಿದರು. ಸುಮಿಯೆ ಹಿಂದಿನ ವರ್ಷ ತೀರಿಕೊಂಡಿದ್ದ ಅವರ ಹೆಂಡತಿ. ಗೋಮಾಳನ್ನು ಮರಿಯಿಂದ ಸಾಕಿದ್ದವರು ಆಕೆಯೇ. ನಾನು ಏಪ್ರನ್ನನ್ನು ಗೂಡಿಗೆ ಮರಳಿಸಿ, "ಇನ್ನೂ ಅವರ ವಾಸನೆ ಇದೆಯಾ?" ಎಂದೆ. "ಇರ್ಬೇಕು. ಅದರ ಮೇಲೆ ಬಿಟ್ರೆ ಗೋಮಾ ಈಗಲೂ ಮೈ ಬಿಚ್ಚಿ ಮಲಗ್ತಾಳೆ" ಎಂದವರು ಗೋಡೆಯ ಕಡೆ ತಿರುಗಿದರು. "ನಾನು ಮಾತ್ರ ಮೂಸಿ ನೋಡಿಲ್ಲಮ್ಮಾ. ಉಳಿದಿರೋದೇ ಸ್ವಲ್ಪ, ಅವಳಿಗಿರಲಿ."